ಬೆನ್ನುಹುರಿ ತೊಂದರೆಯುಳ್ಳವರ ಮನೆ ಮಾರ್ಪಾಡು ಮತ್ತು ವಿಶ್ರಾಂತಿ ವ್ಯಾಯಾಮಗಳು

ಬೆನ್ನುಹುರಿ ತೊಂದರೆಯುಳ್ಳವರ ಮನೆ ಮಾರ್ಪಾಡು ಮತ್ತು ವಿಶ್ರಾಂತಿ ವ್ಯಾಯಾಮಗಳು ಪುನರ್ವಸತಿ ಚಿಕಿತ್ಸೆಯ ಎರಡು ಅಂಗಗಳು. ಬೆನ್ನುಹುರಿಗೆ ಪೆಟ್ಟು ಬಿದ್ದವರು ಅಥವಾ ರೋಗ ತಗುಲಿದವರು ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ಸುರಕ್ಷಿತವಾಗಿ, ಸಾಧ್ಯವಾದಷ್ಟು ಸ್ವತಂತ್ರವಾಗಿ ಬಾಳಲು ವಾಸದ ಮನೆಯಲ್ಲಿ ಮಾಡಿಕೊಳ್ಳುವ ಬದಲಾವಣೆಗಳು ಮೊದಲನೆಯದು. ಸ್ನಾಯುಗಳ ಬಿಗಿತ, ನೋವು, ನಿದ್ರಾಹೀನತೆ ಮತ್ತು ಮನಸ್ಸಿನ ಒತ್ತಡವನ್ನು ತಗ್ಗಿಸಲು ಕೈಗೊಳ್ಳುವ ಉಸಿರಾಟ ಹಾಗೂ ಸಡಿಲಿಕೆಯ ಅಭ್ಯಾಸಗಳು ಎರಡನೆಯದು.

ಇವೆರಡನ್ನೂ ಒಟ್ಟಿಗೆ ಪರಿಗಣಿಸಲು ಕಾರಣವಿದೆ. ಬೆನ್ನುಹುರಿ ಘಾಸಿಗೊಂಡ ವ್ಯಕ್ತಿಯ ಶರೀರದ ಕೆಳಭಾಗವು ಚಲನೆಯನ್ನಷ್ಟೇ ಅಲ್ಲ, ನೋವು, ಬಿಸಿ ಮತ್ತು ಒತ್ತಡಗಳನ್ನು ಮಿದುಳಿಗೆ ತಿಳಿಸುವ ಶಕ್ತಿಯನ್ನೂ ಕಳೆದುಕೊಂಡಿರಬಹುದು. ಆರೋಗ್ಯವಂತರಿಗೆ ನೋವೇ ಕಾವಲುಗಾರ. ಆ ಕಾವಲು ಇಲ್ಲದೆಡೆ ಮನೆಯ ರಚನೆ, ದಿನಚರಿ ಮತ್ತು ಮನೆಯವರ ಎಚ್ಚರವೇ ಆ ಕೆಲಸವನ್ನು ನಿರ್ವಹಿಸಬೇಕಾಗುತ್ತದೆ. ಶವಾಸನದಂತಹ ನಿರಪಾಯಕಾರಿ ಅಭ್ಯಾಸವನ್ನೂ ಈ ದೃಷ್ಟಿಯಿಂದಲೇ ಮಾರ್ಪಡಿಸಿಕೊಳ್ಳಬೇಕಾಗುತ್ತದೆ.

## ಬೆನ್ನುಹುರಿ ಮತ್ತು ಘಾಸಿಯ ಮಟ್ಟ

ಬೆನ್ನುಹುರಿಯು ಮಿದುಳಿನ ಬುಡದಿಂದ ಹೊರಟು ಬೆನ್ನುಮೂಳೆಯ ಕೊಳವೆಯೊಳಗೆ ಇಳಿದು, ವಯಸ್ಕರಲ್ಲಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರುವಿನ ಮಟ್ಟದಲ್ಲಿ ಮುಗಿಯುತ್ತದೆ. ಅದರಿಂದ 31 ಜೊತೆ ನರಗಳು ಕವಲೊಡೆಯುತ್ತವೆ: ಕುತ್ತಿಗೆಯಲ್ಲಿ 8, ಎದೆಯ ಭಾಗದಲ್ಲಿ 12, ಸೊಂಟದಲ್ಲಿ 5, ತ್ರಿಕಾಸ್ಥಿಯಲ್ಲಿ 5, ಬಾಲಮೂಳೆಯಲ್ಲಿ 1. ಪೆಟ್ಟು ಎಷ್ಟು ಮೇಲೆ ಬಿದ್ದಿದೆಯೋ ಅಷ್ಟು ಹೆಚ್ಚು ಭಾಗ ಬಾಧಿತವಾಗುತ್ತದೆ.

* ಕುತ್ತಿಗೆಯ ಮಟ್ಟ: ಕೈ, ಕಾಲು ಮತ್ತು ಮುಂಡ ಮೂರೂ ಬಾಧಿತವಾಗುತ್ತವೆ. ಇದಕ್ಕೆ ಟೆಟ್ರಾಪ್ಲೀಜಿಯಾ ಎಂದು ಹೆಸರು. ವಪೆಯನ್ನು ನಡೆಸುವ ನರಗಳು ಕುತ್ತಿಗೆಯ 3, 4 ಮತ್ತು 5ನೆಯ ಮಟ್ಟಗಳಿಂದ ಹೊರಡುವುದರಿಂದ, ಅಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದರೆ ಉಸಿರಾಟಕ್ಕೂ ತೊಂದರೆಯಾಗುತ್ತದೆ.
* ಎದೆಯ ಮಟ್ಟ: ಕೈಗಳು ಉಳಿಯುತ್ತವೆ, ಕಾಲುಗಳು ಮತ್ತು ಮುಂಡದ ಒಂದಿಷ್ಟು ಭಾಗ ಬಾಧಿತವಾಗುತ್ತದೆ. ಇದು ಪ್ಯಾರಾಪ್ಲೀಜಿಯಾ.
* ಸೊಂಟ ಮತ್ತು ತ್ರಿಕಾಸ್ಥಿಯ ಮಟ್ಟ: ಕಾಲುಗಳಲ್ಲಿ ಭಾಗಶಃ ಬಲ ಉಳಿಯಬಹುದು. ಮಲಮೂತ್ರಗಳ ಹತೋಟಿ ತಪ್ಪುವುದು ಸಾಮಾನ್ಯ.

ಮರದಿಂದ ಅಥವಾ ಎತ್ತರದಿಂದ ಬೀಳುವುದು ಮತ್ತು ರಸ್ತೆ ಅಪಘಾತ ಭಾರತದಲ್ಲಿ ಪೆಟ್ಟಿನ ಮುಖ್ಯ ಕಾರಣಗಳು. ಬೆನ್ನುಮೂಳೆಯ ಕ್ಷಯ, ಗಡ್ಡೆ, ಬೆನ್ನುಹುರಿಯ ಉರಿಯೂತ, ವಯಸ್ಸಿನಿಂದ ಸವೆದ ಕುತ್ತಿಗೆಯ ಕಶೇರುಗಳ ಒತ್ತಡ ಹಾಗೂ ಹುಟ್ಟಿನಿಂದ ಬರುವ ಸ್ಪೈನಾ ಬೈಫಿಡಾ ಇತರ ಕಾರಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 1.5 ಕೋಟಿಗೂ ಹೆಚ್ಚು ಜನ ಬೆನ್ನುಹುರಿಯ ಘಾಸಿಯೊಂದಿಗೆ ಬದುಕುತ್ತಿದ್ದಾರೆ. ಸೆಪ್ಟೆಂಬರ್ 5ನ್ನು ವಿಶ್ವ ಬೆನ್ನುಹುರಿ ಘಾಸಿ ದಿನವಾಗಿ ಆಚರಿಸಲಾಗುತ್ತದೆ.

## ಇತಿಹಾಸ

ಇಪ್ಪತ್ತನೆಯ ಶತಮಾನದ ಮೊದಲರ್ಧದವರೆಗೂ ಬೆನ್ನುಹುರಿ ತುಂಡಾದವರು ಬಹುಕಾಲ ಬದುಕುತ್ತಿರಲಿಲ್ಲ. ಅವರ ಪ್ರಾಣಕ್ಕೆ ಎರವಾಗುತ್ತಿದ್ದುದು ಬಹುಮಟ್ಟಿಗೆ ಒತ್ತಡದ ಹುಣ್ಣಿನ ಸೋಂಕು ಮತ್ತು ಮೂತ್ರಕೋಶದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವೈದ್ಯ ಲುಡ್ವಿಗ್ ಗಟ್‌ಮನ್ ಬೆನ್ನುಹುರಿ ಗಾಯಾಳುಗಳ ವಿಭಾಗವನ್ನು ಆರಂಭಿಸಿ, ರೋಗಿಯನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು, ಮೂತ್ರಕೋಶದ ಆರೈಕೆ, ಕ್ರೀಡೆ ಮತ್ತು ಉದ್ಯೋಗ ಇವುಗಳ ಮೂಲಕ ಈ ಸ್ಥಿತಿಯನ್ನು ಬದಲಿಸಿದರು. 1948ರಲ್ಲಿ ಅವರು ಅಲ್ಲಿ ನಡೆಸಿದ ಪಂದ್ಯಗಳೇ ಮುಂದೆ ಪ್ಯಾರಾಲಿಂಪಿಕ್ ಕ್ರೀಡಾಕೂಟವಾಗಿ ಬೆಳೆದವು.

ದಕ್ಷಿಣ ಭಾರತದಲ್ಲಿ ಈ ಕ್ಷೇತ್ರಕ್ಕೆ ಬುನಾದಿ ಹಾಕಿದವರು ವೈದ್ಯೆ ಮೇರಿ ವರ್ಗೀಸ್. 1954ರ ಕಾರು ಅಪಘಾತದಲ್ಲಿ ಅವರೇ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದ ಅವರು, ಪುನರ್ವಸತಿ ವೈದ್ಯಶಾಸ್ತ್ರದಲ್ಲಿ ತರಬೇತಿ ಪಡೆದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಆ ವಿಭಾಗವನ್ನು ಕಟ್ಟಿದರು. ಅಲ್ಲಿನ ಪುನರ್ವಸತಿ ಕೇಂದ್ರ 1966ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ (ಎ.ಪಿ.ಡಿ.) ಸಂಸ್ಥೆಯು ಅಂಗವಿಕಲರ ಶಿಕ್ಷಣ ಮತ್ತು ತರಬೇತಿಯ ಜೊತೆಗೆ ಬೆನ್ನುಹುರಿ ಗಾಯಾಳುಗಳ ಪುನರ್ವಸತಿಯನ್ನೂ ಕೈಗೊಂಡಿತು.

ಆಸ್ಪತ್ರೆಯ ಆರೈಕೆ ಸುಧಾರಿಸಿದಂತೆ ಬದುಕುಳಿದವರ ಸಂಖ್ಯೆ ಹೆಚ್ಚಿತು. ಅದರೊಂದಿಗೆ, ಮನೆಗೆ ಮರಳಿದ ಮೇಲೆ ಮುಂದೇನು ಎಂಬ ಪ್ರಶ್ನೆಯೂ ಮುನ್ನೆಲೆಗೆ ಬಂದಿತು.

## ಹಾಸನ ಸೀಮೆಯ ಸಂದರ್ಭ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳು ಪ್ರಧಾನವಾಗಿ ಬೇಸಾಯವನ್ನು ಅವಲಂಬಿಸಿದ ಪ್ರದೇಶಗಳು. ಹೇಮಾವತಿ ನದಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಚನ್ನರಾಯಪಟ್ಟಣದ ಕಡೆ ತೆಂಗು, ಪಶ್ಚಿಮದ ಸಕಲೇಶಪುರದ ಕಡೆ ಕಾಫಿ ಮತ್ತು ಮರಕ್ಕೆ ಹಬ್ಬಿದ ಮೆಣಸು ಮುಖ್ಯ ಬೆಳೆಗಳು. ತೆಂಗಿನಕಾಯಿ ಕೀಳುವುದು, ಮೆಣಸು ಬಿಡಿಸುವುದು, ನೆರಳು ಮರಗಳ ಕೊಂಬೆ ಕಡಿಯುವುದು ಎಲ್ಲವೂ ಎತ್ತರದ ಕೆಲಸಗಳೇ. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತುವುದು, ಬೆನ್ನು ಬಾಗಿಸಿ ವಾಹನದಲ್ಲಿ ಕೂರಿಸುವುದು ಬೆನ್ನುಹುರಿಯ ಪೆಟ್ಟನ್ನು ಇನ್ನಷ್ಟು ಕೆಡಿಸಬಲ್ಲದು. ತಲೆ, ಕುತ್ತಿಗೆ ಮತ್ತು ಬೆನ್ನು ಒಂದೇ ರೇಖೆಯಲ್ಲಿ ಇರುವಂತೆ ಹಲವರು ಒಟ್ಟಾಗಿ ಹೊರಳಿಸಿ, ಗಟ್ಟಿ ಹಲಗೆಯ ಮೇಲೆ ಮಲಗಿಸಿ, 108 ಆಂಬುಲೆನ್ಸಿನಲ್ಲಿ ಸಾಗಿಸುವುದು ಸರಿಯಾದ ಕ್ರಮ.

ಗೊರೂರಿನಂತಹ ಊರಿನಿಂದ ಜಿಲ್ಲಾ ಕೇಂದ್ರದಲ್ಲಿರುವ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಗೆ ಇಪ್ಪತ್ತು ಕಿ.ಮೀ.ಗೂ ಹೆಚ್ಚು ದಾರಿ. ನಿಮ್ಹಾನ್ಸ್‌ನಂತಹ ವಿಶೇಷ ಪುನರ್ವಸತಿ ಸೌಲಭ್ಯಗಳಿರುವ ಬೆಂಗಳೂರು ಹಾಸನದಿಂದ ಸುಮಾರು 180 ಕಿ.ಮೀ. ದೂರದಲ್ಲಿದೆ. ಹೀಗಾಗಿ ಪುನರ್ವಸತಿಯ ಬಹುಭಾಗ ಮನೆಯಲ್ಲೇ, ಮನೆಯವರ ಕೈಯಲ್ಲೇ ನಡೆಯಬೇಕಾಗುತ್ತದೆ.

ಈ ಸೀಮೆಯ ಹಳೆಯ ಮನೆಗಳ ರಚನೆ ಗಾಲಿಕುರ್ಚಿಗೆ ಹಲವು ತಡೆಗಳನ್ನು ಒಡ್ಡುತ್ತದೆ. ನೆಲದಿಂದ ಎತ್ತರಿಸಿದ ಜಗುಲಿ, ಕಲ್ಲಿನ ಮೆಟ್ಟಿಲು, ಎತ್ತರದ ಹೊಸ್ತಿಲು, ಕಿರಿದಾದ ಒಳಬಾಗಿಲು, ತಗ್ಗಿನ ತೊಟ್ಟಿ, ಹಿತ್ತಲಿನಲ್ಲಿರುವ ಬಚ್ಚಲು ಮತ್ತು ಶೌಚಾಲಯ ಅವುಗಳಲ್ಲಿ ಮುಖ್ಯವಾದವು. ಆದರೆ ಅನುಕೂಲಗಳೂ ಇವೆ. ಹೆಚ್ಚಿನ ಮನೆಗಳು ಒಂದೇ ಅಂತಸ್ತಿನವು, ಹಜಾರ ವಿಶಾಲವಾದದ್ದು, ಅಂಗಳದಲ್ಲಿ ಜಾಗವಿದೆ. ಬೇಕಾದ ಕೆಲಸವನ್ನು ಊರಿನ ಗಾರೆ ಮೇಸ್ತ್ರಿ ಮತ್ತು ಬಡಗಿಯೇ ಮಾಡಬಲ್ಲರು.

## ಮನೆಯ ಮಾರ್ಪಾಡುಗಳು

ಮಾರ್ಪಾಡು ಆರಂಭಿಸುವ ಮೊದಲು ಗಾಲಿಕುರ್ಚಿಯ ಅಗಲ, ಮೆತ್ತೆಯ ಸಹಿತ ಆಸನದ ಎತ್ತರ ಮತ್ತು ವ್ಯಕ್ತಿಯ ಕೈ ಚಾಚುವ ದೂರ ಈ ಮೂರನ್ನು ಅಳೆದುಕೊಳ್ಳಬೇಕು. ಹಣ ಮಿತವಾಗಿದ್ದಲ್ಲಿ ಮೊದಲು ಶೌಚಾಲಯ ಮತ್ತು ಬಚ್ಚಲು, ಅನಂತರ ಹಾಸಿಗೆ, ಆಮೇಲೆ ಹೊರಬಾಗಿಲ ದಾರಿ, ಕೊನೆಗೆ ಅಡುಗೆಮನೆ ಎಂಬ ಕ್ರಮ ಉಪಯುಕ್ತ.

### ಪ್ರವೇಶ ಮತ್ತು ಇಳಿಜಾರು ದಾರಿ

ಇಳಿಜಾರು ದಾರಿಗೆ ಭಾರತದ ಸುಗಮ್ಯತಾ ಮಾರ್ಗಸೂಚಿಗಳು ಸೂಚಿಸುವ ಪ್ರಮಾಣ 1:12. ಅಂದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ತಲಾ 6 ಅಂಗುಲದ ಮೂರು ಮೆಟ್ಟಿಲುಗಳಿರುವ ಜಗುಲಿಯ ಎತ್ತರ ಒಂದೂವರೆ ಅಡಿ, ಅದಕ್ಕೆ 18 ಅಡಿ ಉದ್ದದ ದಾರಿ ಬೇಕು. ಮುಂದೆ ಅಷ್ಟು ಜಾಗವಿಲ್ಲದಿದ್ದರೆ ದಾರಿಯನ್ನು ಗೋಡೆಯ ಪಕ್ಕಕ್ಕೆ ತಿರುಗಿಸಬಹುದು. ತಿರುವಿನಲ್ಲಿ 5 ಅಡಿ ಚೌಕದ ಸಮತಟ್ಟು ಜಾಗ ಇರಬೇಕು. ಅಂಗಳಕ್ಕೆ ಮಣ್ಣು ತುಂಬಿ ನೆಲವನ್ನೇ ಏರಿಸುವುದು, ಅಥವಾ ಕೊಟ್ಟಿಗೆಯ ಕಡೆ ನೆಲಮಟ್ಟದಲ್ಲಿ ಬಾಗಿಲಿದ್ದರೆ ಅದನ್ನೇ ಮುಖ್ಯ ದಾರಿಯಾಗಿಸುವುದು ಕಡಿಮೆ ಖರ್ಚಿನ ಉಪಾಯಗಳು.

ದಾರಿಯ ಅಗಲ ಕನಿಷ್ಠ 4 ಅಡಿ ಇರಬೇಕು. ಚಕ್ರ ಹೊರಗೆ ಜಾರದಂತೆ ಅಂಚಿನಲ್ಲಿ ಸಣ್ಣ ಕಟ್ಟೆ ಅಗತ್ಯ. ನುಣುಪಾದ ಸಿಮೆಂಟ್ ಸಾರಣೆ ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುತ್ತದೆ. ಆದ್ದರಿಂದ ಗಾರೆ ಹಸಿಯಾಗಿರುವಾಗಲೇ ಕಡ್ಡಿಪೊರಕೆಯಿಂದ ಅಡ್ಡಗೀರು ಎಳೆಯುವುದು ಒಳ್ಳೆಯದು. ದಾರಿ ಕಡಿದಾಗಿದ್ದರೆ ಕುರ್ಚಿ ಹಿಂದಕ್ಕೆ ಮಗುಚುವ ಅಪಾಯವಿದೆ. ಇಳಿಯುವಾಗ ಸಹಾಯಕರು ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸುವುದು ಸುರಕ್ಷಿತ.

### ಹೊಸ್ತಿಲು ಮತ್ತು ಬಾಗಿಲು

ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ಪೂಜಿಸುವ ಸಂಪ್ರದಾಯವಿರುವುದರಿಂದ ಅದನ್ನು ಕತ್ತರಿಸಲು ಅನೇಕ ಕುಟುಂಬಗಳು ಒಪ್ಪುವುದಿಲ್ಲ. ಒಳಗೂ ಹೊರಗೂ ತೆಗೆದಿಡಬಹುದಾದ ಮರದ ಇಳಿಜಾರು ಹಲಗೆಗಳನ್ನು ಜೋಡಿಸಿದರೆ ಹೊಸ್ತಿಲು ಇದ್ದಂತೆಯೇ ಉಳಿಯುತ್ತದೆ. ಹಲಗೆಗಳು ಸರಿಯದಂತೆ ಕೊಕ್ಕೆ ಹಾಕಬೇಕು. ಒಳಕೋಣೆಗಳ ಹೊಸ್ತಿಲುಗಳನ್ನು ತೆಗೆಯಲು ಸಾಮಾನ್ಯವಾಗಿ ಆಕ್ಷೇಪವಿರುವುದಿಲ್ಲ.

ಬಾಗಿಲಿನ ತೆರವು 900 ಮಿ.ಮೀ. (ಸುಮಾರು 3 ಅಡಿ) ಇರಬೇಕೆಂಬುದು ಮಾರ್ಗಸೂಚಿ. ಹಳೆಯ ಮನೆಗಳಲ್ಲಿ ಇದು ದೊರೆಯದಿದ್ದರೆ ಬಾಗಿಲ ರೆಕ್ಕೆಯನ್ನು ಕಳಚಿ ಪರದೆ ಕಟ್ಟಿದರೂ ಒಂದೆರಡು ಅಂಗುಲ ಲಾಭವಾಗುತ್ತದೆ. ಕುರ್ಚಿಯ ಅಗಲಕ್ಕೆ ಇಷ್ಟು ಸಾಕಾಗುವುದೂ ಉಂಟು. ಚಿಲಕ, ವಿದ್ಯುತ್ ಸ್ವಿಚ್ಚು ಮತ್ತು ನಿತ್ಯದ ವಸ್ತುಗಳು ಕುಳಿತವರ ಕೈಗೆ ಎಟುಕುವಂತೆ ನೆಲದಿಂದ 4 ಅಡಿಯೊಳಗೆ ಇರಬೇಕು.

### ಶೌಚಾಲಯ ಮತ್ತು ಬಚ್ಚಲು

ಗಾಲಿಕುರ್ಚಿ ಪೂರ್ತಿ ತಿರುಗಲು 5 ಅಡಿ ವ್ಯಾಸದ ತೆರವು ಬೇಕು. ಗ್ರಾಮೀಣ ಶೌಚಾಲಯಗಳಲ್ಲಿ ಅಷ್ಟು ಜಾಗ ಇರುವುದು ಅಪರೂಪ. ಅಂತಹ ಕಡೆ ಕುರ್ಚಿಯನ್ನು ಹಿಮ್ಮುಖವಾಗಿ ನೇರ ಒಳತರುವಂತೆ ಬಾಗಿಲನ್ನು ಅಗಲಿಸಬಹುದು. ನೆಲಮಟ್ಟದ ಭಾರತೀಯ ಶೈಲಿಯ ಬೇಸಿನ್ ಇದ್ದರೆ, ನಡುವೆ ರಂಧ್ರವಿರುವ ಚಕ್ರದ ಕಮೋಡ್ ಕುರ್ಚಿಯನ್ನು ಅದರ ಮೇಲೆ ನಿಲ್ಲಿಸುವುದರಿಂದ ಶೌಚಾಲಯವನ್ನು ಒಡೆಯದೆಯೇ ಕೆಲಸ ಸಾಗುತ್ತದೆ. ಆ ಕುರ್ಚಿಯ ಆಸನಕ್ಕೆ ಮೆತ್ತನೆಯ ಹೊದಿಕೆ ಇರಲೇಬೇಕು. ಗಟ್ಟಿ ಪ್ಲಾಸ್ಟಿಕ್ ಅಂಚಿನ ಮೇಲೆ ಹೆಚ್ಚು ಹೊತ್ತು ಕುಳಿತರೆ ಹುಣ್ಣಾಗುತ್ತದೆ. ಗೋಡೆಗೆ ಹಾಕುವ ಹಿಡಿಕಂಬಿಗಳು ಮನುಷ್ಯನ ಪೂರ್ಣ ಭಾರವನ್ನು ತಡೆಯುವಂತಿರಬೇಕು. ಮಣ್ಣಿನ ಗೋಡೆಯಾದರೆ ನೆಲದಲ್ಲಿ ಹೂತ ಕಬ್ಬಿಣದ ಕಂಬವೇ ಭದ್ರ.

ಹಂಡೆಯಲ್ಲಿ ನೀರು ಕಾಯಿಸುವ ಬಚ್ಚಲಿನಲ್ಲಿ ಸುಟ್ಟಗಾಯದ ಭಯ ಹೆಚ್ಚು. ಸ್ಪರ್ಶಜ್ಞಾನವಿಲ್ಲದ ಕಾಲಿಗೆ ಕುದಿನೀರು ಬಿದ್ದರೂ ವ್ಯಕ್ತಿಗೆ ತಿಳಿಯುವುದಿಲ್ಲ. ಬಕೆಟ್ಟಿಗೆ ಮೊದಲು ತಣ್ಣೀರು, ಅನಂತರ ಬಿಸಿನೀರು ಎಂಬ ನಿಯಮ ಮನೆಯಲ್ಲಿ ಎಲ್ಲರಿಗೂ ರೂಢಿಯಾಗಬೇಕು. ಸ್ಪರ್ಶಜ್ಞಾನವಿರುವ ಕೈಯ ಮೊಣಕೈಯಿಂದ ಪರೀಕ್ಷಿಸಿದ ನೀರನ್ನಷ್ಟೇ ಬಳಸಬೇಕು. ಒಲೆಯ ಬಾಯಿಗೂ ಮೈ ತೊಳೆಯುವ ಜಾಗಕ್ಕೂ ನಡುವೆ ಅಡ್ಡಗೋಡೆ ಇರುವುದು ಲೇಸು. ಚಳಿಗಾಲದಲ್ಲಿ ಕೆಂಡದ ಬಳಿ ಕೂರುವುದು, ಬಿಸಿನೀರಿನ ಚೀಲವನ್ನು ಕಾಲಿಗೆ ಇಡುವುದು ಇವೂ ಅಪಾಯಕರ.

### ಮಲಗುವ ಜಾಗ

ಮಂಚದ ಎತ್ತರವು ಹಾಸಿಗೆಯ ಸಹಿತ ಗಾಲಿಕುರ್ಚಿಯ ಆಸನದ ಎತ್ತರಕ್ಕೆ, ಸಾಮಾನ್ಯವಾಗಿ 18ರಿಂದ 20 ಅಂಗುಲಕ್ಕೆ, ಸಮನಾಗಿದ್ದರೆ ಜಾರುಹಲಗೆಯ ನೆರವಿನಿಂದ ಅತ್ತಿತ್ತ ಸರಿಯುವುದು ಸುಲಭ. ಗಂಟುಗಟ್ಟಿದ ಹತ್ತಿಹಾಸಿಗೆಗಿಂತ ಒಂದೇ ಸಮನಾದ ದಪ್ಪ ಫೋಮ್ ಹಾಸಿಗೆ ಉತ್ತಮ. ಗಾಳಿಹಾಸಿಗೆ ಇದ್ದರೂ ವಿದ್ಯುತ್ ಹೋದಾಗ ಅದರ ಪಂಪು ನಿಲ್ಲುವುದರಿಂದ ಮಗ್ಗುಲು ಬದಲಿಸುವುದನ್ನು ಬಿಡುವಂತಿಲ್ಲ. ಮಂಚದ ಕಾಲುಗಡೆಗೆ ಕಟ್ಟಿದ ಹಗ್ಗದ ಏಣಿ, ಅಥವಾ ಗೆದ್ದಲು ಹಿಡಿಯದ ಗಟ್ಟಿ ತೊಲೆಯಿಂದ ಇಳಿಬಿಟ್ಟ ಹಿಡಿಕೆ, ಕೈಬಲವಿರುವವರಿಗೆ ಏಳಲು ನೆರವಾಗುತ್ತದೆ. ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು. ಇಲಿ, ಇರುವೆಗಳು ಕಚ್ಚಿದರೂ ಸ್ಪರ್ಶವಿಲ್ಲದ ಕಾಲಿಗೆ ಅರಿವಾಗದು.

ಹಾಸಿಗೆಯನ್ನು ಎಲ್ಲಿ ಹಾಕಲಾಗುತ್ತದೆ ಎಂಬುದೂ ಮುಖ್ಯ. ಕತ್ತಲೆಯ ಒಳಕೋಣೆಯಲ್ಲಿ ಮಲಗಿಸಿದ ವ್ಯಕ್ತಿ ಮನೆಯ ಮಾತುಕತೆ, ವ್ಯವಹಾರಗಳಿಂದ ಕ್ರಮೇಣ ದೂರವಾಗುತ್ತಾನೆ. ಹಜಾರದಲ್ಲಿ, ಬೀದಿ ಕಾಣುವ ಕಿಟಕಿಯ ಬಳಿ ಜಾಗ ಮಾಡಿ, ಬಟ್ಟೆ ಬದಲಿಸುವ ಮತ್ತು ಮೂತ್ರ ತೆಗೆಯುವ ಸಮಯಕ್ಕೆ ಪರದೆಯ ಮರೆ ಒದಗಿಸಿದರೆ ಬೆಳಕು, ಒಡನಾಟ ಮತ್ತು ಮಾನ ಮೂರೂ ಉಳಿಯುತ್ತವೆ.

### ಅಡುಗೆಮನೆ

ಕುಳಿತು ಅಡುಗೆ ಮಾಡಲು ಕಟ್ಟೆಯ ಎತ್ತರ ಸುಮಾರು 30 ಅಂಗುಲ ಇದ್ದು, ಅಡಿಯಲ್ಲಿ ಮೊಣಕಾಲು ತೂರುವಷ್ಟು ತೆರವಿರಬೇಕು. ಕಡಪ ಕಲ್ಲಿನ ಹಲಗೆಯನ್ನು ಎರಡು ಪಕ್ಕದ ಕಟ್ಟೆಗಳ ಮೇಲಿರಿಸಿದರೆ ಇದು ಸಾಧ್ಯ. ಬಿಸಿ ಪಾತ್ರೆಯನ್ನು ಎಂದಿಗೂ ತೊಡೆಯ ಮೇಲೆ ಇಟ್ಟುಕೊಂಡು ಸಾಗಿಸಬಾರದು. ಕುರ್ಚಿಯ ಕೈಗಳಿಗೆ ಅಡ್ಡಲಾಗಿ ಕೂರುವ ಅಂಚುಳ್ಳ ಹಲಗೆಯನ್ನು ಬಳಸಬೇಕು.

## ಚರ್ಮದ ರಕ್ಷಣೆ

ಮಾರ್ಪಾಡುಗಳೆಲ್ಲ ಇದ್ದರೂ ಚರ್ಮದ ಆರೈಕೆ ತಪ್ಪಿದರೆ ವ್ಯಕ್ತಿ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಗುತ್ತದೆ. ಒಂದೇ ಭಾಗದ ಮೇಲೆ ಭಾರ ಬಿದ್ದಾಗ ಅಲ್ಲಿನ ರಕ್ತಸಂಚಾರ ನಿಂತು ಒತ್ತಡದ ಹುಣ್ಣು ಹುಟ್ಟುತ್ತದೆ. ಹಾಸಿಗೆಯಲ್ಲಿ ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಾಲಿಕುರ್ಚಿಯಲ್ಲಿ ಪ್ರತಿ 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ ಅಥವಾ ಪಕ್ಕಕ್ಕೆ ಬಾಗಿ ಸುಮಾರು 2 ನಿಮಿಷ ಭಾರ ತಗ್ಗಿಸಬೇಕು.

ಬೆಳಿಗ್ಗೆ ಮತ್ತು ಮಲಗುವ ಮುನ್ನ ಕನ್ನಡಿಯ ನೆರವಿನಿಂದ ಬಾಲಮೂಳೆ, ಕುಂಡಿಯ ಮೂಳೆಗಳು, ಸೊಂಟದ ಪಕ್ಕ, ಹಿಮ್ಮಡಿ ಮತ್ತು ಕಾಲುಗಂಟುಗಳನ್ನು ಪರೀಕ್ಷಿಸಬೇಕು. ಒತ್ತಿ ಬಿಟ್ಟರೂ ಬಿಳುಚದ ಕೆಂಪು ಅಥವಾ ಕಪ್ಪುಛಾಯೆ ಹುಣ್ಣಿನ ಮೊದಲ ಗುರುತು. ಕಂದುಬಣ್ಣದ ಚರ್ಮದಲ್ಲಿ ಕೆಂಪು ಸ್ಪಷ್ಟವಾಗಿ ಕಾಣದಿರಬಹುದು. ಆ ಜಾಗ ಸುತ್ತಲಿಗಿಂತ ಬೆಚ್ಚಗೆ ಅಥವಾ ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಅಂತಹ ಗುರುತು ಕಂಡರೆ ಅದು ಮಾಯುವವರೆಗೂ ಅದರ ಮೇಲೆ ಭಾರ ಬೀಳಬಾರದು. ಉಂಗುರದಾಕಾರದ ಮೆತ್ತೆ ಸುತ್ತಲಿನ ರಕ್ತಸಂಚಾರವನ್ನು ತಡೆಯುವುದರಿಂದ ಅದು ಸೂಕ್ತವಲ್ಲ.

## ವಿಶ್ರಾಂತಿ ವ್ಯಾಯಾಮಗಳು

ವಿಶ್ರಾಂತಿ ವ್ಯಾಯಾಮಗಳು ಬೆನ್ನುಹುರಿಯನ್ನು ಮತ್ತೆ ಬೆಸೆಯುವುದಿಲ್ಲ. ಆತಂಕ, ನಿದ್ರಾಹೀನತೆ, ಭುಜ–ಕುತ್ತಿಗೆಗಳ ಆಯಾಸ ಮತ್ತು ನೋವಿನಿಂದಾಗುವ ಸಂಕಟವನ್ನು ತಗ್ಗಿಸುವುದು ಅವುಗಳ ಉದ್ದೇಶ. ವೈದ್ಯರು ಅಥವಾ ಫಿಸಿಯೋಥೆರಪಿಸ್ಟರ ಒಪ್ಪಿಗೆ ಪಡೆದು ಆರಂಭಿಸಬೇಕು. ಮೂತ್ರಕೋಶ ಖಾಲಿ ಮಾಡಿ, ಚರ್ಮ ಪರೀಕ್ಷಿಸಿ, ಬಿಗಿ ಬಟ್ಟೆ ಸಡಿಲಿಸಿದ ಮೇಲೆ 10ರಿಂದ 20 ನಿಮಿಷಗಳ ಅಭ್ಯಾಸ ಸಾಕು.

### ಭಂಗಿ

ಬೆನ್ನಮೇಲೆ ಮಲಗುವ ಶವಾಸನದಲ್ಲಿ ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿಗಳು ಹಾಸಿಗೆಗೆ ತಾಗದಂತೆ ನೋಡಿಕೊಳ್ಳಬೇಕು. ಬರಿ ನೆಲ ಅಥವಾ ತೆಳುಚಾಪೆ ಕೂಡದು. ಪಕ್ಕಕ್ಕೆ ಮಲಗುವುದಾದರೆ ಮೊಣಕಾಲುಗಳ ನಡುವೆ ದಿಂಬು ಬೇಕು. ಮಲಗಲಾಗದವರು ಗಾಲಿಕುರ್ಚಿಯಲ್ಲೇ, ಬ್ರೇಕು ಹಾಕಿ, ಪಾದಗಳನ್ನು ಪಾದಹಲಗೆಯ ಮೇಲಿರಿಸಿ, ಕೈಗಳಿಗೆ ಆಸರೆ ಕೊಟ್ಟು ಅಭ್ಯಾಸ ಮಾಡಬಹುದು. ಮಲಗಿದಲ್ಲಿಂದ ಏಳುವಾಗ ನಿಧಾನ ಅಗತ್ಯ. ಮೇಲ್ಮಟ್ಟದ ಘಾಸಿಯುಳ್ಳವರಲ್ಲಿ ಥಟ್ಟನೆ ಎದ್ದರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುತ್ತದೆ.

ಬೆಳ್ಳೂರಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರಿಂದ ಯೋಗ ಕಲಿತ ಬಿ. ಕೆ. ಎಸ್. ಅಯ್ಯಂಗಾರರು ಹಗ್ಗ, ಮಣೆ, ದಿಂಬು, ಕುರ್ಚಿಗಳ ಆಸರೆಯಿಂದ ಆಸನಗಳನ್ನು ಎಲ್ಲರಿಗೂ ಎಟುಕುವಂತೆ ಮಾಡಿದರು. ಆ ಪದ್ಧತಿಯನ್ನು ಕಲಿತ ಅಮೆರಿಕದ ಮ್ಯಾಥ್ಯೂ ಸ್ಯಾನ್‌ಫರ್ಡ್, 1978ರ ಅಪಘಾತದಲ್ಲಿ ಎದೆಯ ಕೆಳಗಿನ ಸ್ವಾಧೀನ ಕಳೆದುಕೊಂಡವರು. ಅವರು ಅಂಗವಿಕಲರಿಗೆ ಯೋಗ ಕಲಿಸುವ ಶಿಕ್ಷಕರಾದರು.

### ಉಸಿರಾಟ

ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟು, ಮೂಗಿನಿಂದ ನಾಲ್ಕು ಎಣಿಕೆಯಷ್ಟು ಉಸಿರೆಳೆದು ಆರು ಎಣಿಕೆಯಷ್ಟು ಹೊತ್ತು ನಿಧಾನವಾಗಿ ಬಿಡುವುದು ಸರಳ ಕ್ರಮ. ಹೊಟ್ಟೆಯ ಮೇಲೆ ಸ್ಪರ್ಶವಿಲ್ಲದವರು ಕೈ ಏರಿಳಿಯುವುದನ್ನು ಕಣ್ಣಿನಿಂದ ನೋಡಿ ಅನುಸರಿಸಬಹುದು. ಕುತ್ತಿಗೆಯ ಮಟ್ಟದ ಘಾಸಿಯುಳ್ಳ ಅನೇಕರಿಗೆ ಕುಳಿತಾಗಿನಗಿಂತ ಮಲಗಿದಾಗ ಉಸಿರೆಳೆಯುವುದು ಸುಲಭ. ಮಲಗಿದಾಗ ಹೊಟ್ಟೆಯ ಅಂಗಗಳು ವಪೆಯನ್ನು ಮೇಲೊತ್ತಿ ಅದಕ್ಕೆ ಚಲನೆಯ ಅವಕಾಶ ನೀಡುತ್ತವೆ.

ಭ್ರಾಮರಿಯಂತೆ ಮೆಲುದನಿಯಲ್ಲಿ ಗುಂಯ್‌ಗುಡುತ್ತ ಉಸಿರು ಬಿಡುವುದು ಹಲವರಿಗೆ ಹಿತಕರ. ಕಪಾಲಭಾತಿ, ಭಸ್ತ್ರಿಕಾ ಮತ್ತು ಉಸಿರನ್ನು ಕಟ್ಟಿಹಿಡಿಯುವ ಕುಂಭಕವನ್ನು ವೈದ್ಯರ ಸಲಹೆಯಿಲ್ಲದೆ ಮಾಡಬಾರದು.

### ಸ್ನಾಯುಗಳ ಕ್ರಮಾನುಗತ ಸಡಿಲಿಕೆ

ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ರೂಪಿಸಿ 1929ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಈ ವಿಧಾನದಲ್ಲಿ ಒಂದೊಂದೇ ಸ್ನಾಯುಗುಂಪನ್ನು ಬಿಗಿಹಿಡಿದು ಅನಂತರ ಸಡಿಲ ಬಿಡಲಾಗುತ್ತದೆ. ಬೆನ್ನುಹುರಿ ತೊಂದರೆಯುಳ್ಳವರಿಗೆ ಅದನ್ನು ಹೀಗೆ ಮಾರ್ಪಡಿಸಲಾಗುತ್ತದೆ:

1. ಸ್ವಾಧೀನದಲ್ಲಿರುವ ಸ್ನಾಯುಗಳನ್ನಷ್ಟೇ ಬಿಗಿಹಿಡಿಯುವುದು. ಮುಷ್ಟಿ, ಮುಂಗೈ, ತೋಳು, ಹಣೆ, ಕಣ್ಣು, ದವಡೆ, ಭುಜ ಎಂಬ ಕ್ರಮದಲ್ಲಿ ಸುಮಾರು 5 ಸೆಕೆಂಡು ಬಿಗಿದು 15ರಿಂದ 20 ಸೆಕೆಂಡು ಸಡಿಲ ಬಿಡುವುದು.
2. ಕುತ್ತಿಗೆಗೆ ಪೆಟ್ಟಾದವರು ಅಥವಾ ಶಸ್ತ್ರಚಿಕಿತ್ಸೆಯಾದವರು ವೈದ್ಯರು ಒಪ್ಪುವವರೆಗೂ ಕುತ್ತಿಗೆಯನ್ನು ಬಿಗಿಹಿಡಿಯಬಾರದು.
3. ಘಾಸಿಯ ಮಟ್ಟಕ್ಕಿಂತ ಕೆಳಗಿನ ಅಂಗಗಳನ್ನು ಬಲವಂತವಾಗಿ ಬಿಗಿಯಲು ಯತ್ನಿಸಬಾರದು, ಅದರಿಂದ ಸೆಳೆತ ಏಳಬಹುದು. ಗಮನವನ್ನು ಮಾತ್ರ ಅಲ್ಲಿಗೆ ಹರಿಸಿ ಮುಂದೆ ಸಾಗಬಹುದು.

ಗಾಲಿಕುರ್ಚಿ ತಳ್ಳುವವರ ಭುಜಗಳೇ ಅವರ ಕಾಲುಗಳೂ ಆಗಿರುವುದರಿಂದ ಭುಜಗಳ ಸಡಿಲಿಕೆಗೆ ಹೆಚ್ಚು ಹೊತ್ತು ಕೊಡುವುದು ಒಳ್ಳೆಯದು.

### ಯೋಗನಿದ್ರೆ ಮತ್ತು ಮನಃಚಿತ್ರಣ

ಬಿಹಾರ ಯೋಗ ವಿದ್ಯಾಲಯದ ಸ್ವಾಮಿ ಸತ್ಯಾನಂದ ಸರಸ್ವತಿಯವರು ಪ್ರಚುರಪಡಿಸಿದ ಯೋಗನಿದ್ರೆಯಲ್ಲಿ ಗಮನವನ್ನು ಅಂಗಾಂಗಗಳ ಮೇಲೆ ಒಂದರ ನಂತರ ಒಂದರಂತೆ ಸುತ್ತಿಸಲಾಗುತ್ತದೆ. ಬೆಂಗಳೂರಿನ ಬಳಿಯ ಜಿಗಣಿಯಲ್ಲಿರುವ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನವು ತ್ವರಿತ ವಿಶ್ರಾಂತಿ, ಆಳ ವಿಶ್ರಾಂತಿ ಮುಂತಾದ ಕ್ರಮಗಳನ್ನು ಕಲಿಸುತ್ತದೆ. ಮನೆಯವರೊಬ್ಬರು ನಿಧಾನ ದನಿಯಲ್ಲಿ ಸೂಚನೆಗಳನ್ನು ಓದಿದರೂ ಸಾಕು. ಸ್ಪರ್ಶವಿಲ್ಲದ ಅಂಗದ ಹೆಸರು ಬಂದಾಗ ಕೆಲವರಿಗೆ ದುಃಖ ಉಮ್ಮಳಿಸುವುದುಂಟು. ಅಂತಹವರಿಗೆ ಆ ಭಾಗವನ್ನು ಬಿಟ್ಟು ಓದಬಹುದು. ಇನ್ನು ಕೆಲವರಿಗೆ ಆ ಅಂಗವೂ ತನ್ನದೇ ಎಂಬ ಭಾವ ಮರಳುತ್ತದೆ.

ಮನಃಚಿತ್ರಣದಲ್ಲಿ ಹಿತವಾದ ಸ್ಥಳವೊಂದನ್ನು ನೆನೆಯಲಾಗುತ್ತದೆ. ಹೊಳೆಯ ದಂಡೆ, ಗುಡಿಯ ಪ್ರಾಂಗಣ, ಮಳೆ ಬಿದ್ದ ಹೊಲ ಹೀಗೆ ವ್ಯಕ್ತಿಗೆ ಪರಿಚಿತವಾದುದೇ ಪರಿಣಾಮಕಾರಿ. ಮರದಿಂದ ಬಿದ್ದವರಿಗೆ ತೋಟದ ಚಿತ್ರ ಭಯ ತರಬಹುದಾದ್ದರಿಂದ ಆಯ್ಕೆಯನ್ನು ಅವರಿಗೇ ಬಿಡಬೇಕು. ಸ್ವಾಧೀನವಿಲ್ಲದ ಕಾಲನ್ನು ಆಡಿಸುವಂತೆ ಕಲ್ಪಿಸಿಕೊಂಡಾಗ ನರಸಂಬಂಧಿ ನೋವು ಹೆಚ್ಚಿದ್ದು ಅಧ್ಯಯನದಲ್ಲಿ ಕಂಡುಬಂದಿದೆ. ಹಾಗಾದಲ್ಲಿ ಅದನ್ನು ನಿಲ್ಲಿಸಬೇಕು.

### ನಿಧಾನ ಚಾಚುವಿಕೆ

ಕಾಲಿನ ಬಿಗಿತ ಮತ್ತು ಸೆಳೆತಕ್ಕೆ ಸಹಾಯಕರು ಪಾದ, ಮೊಣಕಾಲು ಮತ್ತು ಸೊಂಟದ ಕೀಲುಗಳನ್ನು ನಿಧಾನವಾಗಿ ಚಾಚಿ ಸುಮಾರು 30 ಸೆಕೆಂಡು ಹಿಡಿಯುವುದು ಉಪಯುಕ್ತ. ಜಗ್ಗಬಾರದು. ದೀರ್ಘಕಾಲ ಓಡಾಡದವರ ಮೂಳೆಗಳು ಸಡಿಲಗೊಂಡು ಸುಲಭವಾಗಿ ಮುರಿಯಬಲ್ಲವು. ವೈದ್ಯರು ಒಪ್ಪಿದರೆ ಬೋರಲು ಮಲಗುವುದು ಸೊಂಟದ ಮುಂಭಾಗದ ಬಿಗಿತಕ್ಕೂ ಹಿಂಭಾಗದ ಚರ್ಮದ ವಿಶ್ರಾಂತಿಗೂ ಒಳ್ಳೆಯದು.

ಕುತ್ತಿಗೆಯ 6ನೆಯ ಮಟ್ಟದಲ್ಲಿ ಘಾಸಿಯಾದವರಲ್ಲಿ ಮಣಿಕಟ್ಟನ್ನು ಮೇಲೆತ್ತಿದಾಗ ಬೆರಳುಗಳು ತಾವಾಗಿ ಮಡಚಿಕೊಂಡು ವಸ್ತುಗಳನ್ನು ಹಿಡಿಯಲು ನೆರವಾಗುತ್ತವೆ. ಅವರ ಮಣಿಕಟ್ಟನ್ನೂ ಬೆರಳುಗಳನ್ನೂ ಒಟ್ಟಿಗೆ ನೆಟ್ಟಗೆ ಚಾಚಿದರೆ ಈ ಹಿಡಿತ ಹಾಳಾಗುತ್ತದೆ.

## ಎಚ್ಚರಿಕೆಗಳು

ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬುದು ಎದೆಯ 6ನೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಘಾಸಿಯಾದವರಲ್ಲಿ ಕಾಣುವ ತುರ್ತುಸ್ಥಿತಿ. ತುಂಬಿದ ಮೂತ್ರಕೋಶ, ಮಲಬದ್ಧತೆ, ಹುಣ್ಣು, ಬಿಗಿಬಟ್ಟೆ, ಒಳಬೆಳೆದ ಉಗುರು ಇವುಗಳಲ್ಲಿ ಯಾವುದಾದರೂ ಒಂದರಿಂದ ರಕ್ತದೊತ್ತಡ ಹಠಾತ್ತಾಗಿ ಏರುತ್ತದೆ. ಬಡಿಯುವಂತಹ ತಲೆನೋವು, ಮುಖ ಕೆಂಪೇರುವುದು, ಮೇಲ್ಭಾಗದಲ್ಲಿ ಬೆವರು ಇದರ ಲಕ್ಷಣಗಳು. ಇಂತಹವರ ಸಹಜ ರಕ್ತದೊತ್ತಡವೇ ಕಡಿಮೆ ಇರುವುದರಿಂದ, ಮೇಲಿನ ಅಂಕಿಯಲ್ಲಿ 20ರಿಂದ 40ರಷ್ಟು ಏರಿಕೆಯೂ ಗಂಭೀರ.

ಈ ಲಕ್ಷಣಗಳನ್ನು ಆಯಾಸವೆಂದು ಭಾವಿಸಿ ಮಲಗಿಸುವುದು ತಪ್ಪು. ತಕ್ಷಣ ನೆಟ್ಟಗೆ ಕೂರಿಸಿ, ಬಟ್ಟೆ ಮತ್ತು ಪಟ್ಟಿಗಳನ್ನು ಸಡಿಲಿಸಿ, ಕ್ಯಾಥೆಟರ್ ಮಡಚಿದೆಯೇ ಎಂದು ನೋಡಿ ಮೂತ್ರ ಹರಿಯುವಂತೆ ಮಾಡಬೇಕು. ಅನಂತರ ಇತರ ಕಾರಣಗಳನ್ನು ಹುಡುಕಬೇಕು. ಲಕ್ಷಣಗಳು ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಚಿಕಿತ್ಸೆ ತಡವಾದರೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಸಂಭವವಿದೆ.

ಸೆಳೆತಗಳು ಇದ್ದಕ್ಕಿದ್ದಂತೆ ಹೆಚ್ಚಿದರೆ ಅದನ್ನು ವಿಶ್ರಾಂತಿಯ ಕೊರತೆ ಎಂದು ತಿಳಿಯದೆ, ಮೂತ್ರದ ಸೋಂಕು ಅಥವಾ ಕಾಣದ ಹುಣ್ಣಿನ ಸೂಚನೆ ಎಂದು ಪರೀಕ್ಷಿಸಬೇಕು. ಬೆವರುವ ಶಕ್ತಿ ಕುಂದಿದವರನ್ನು ಬಿಸಿಲಿನಲ್ಲಿ ಅಥವಾ ಹೆಂಚಿನಡಿಯ ಸೆಕೆಯಲ್ಲಿ ಹೆಚ್ಚು ಹೊತ್ತು ಇರಿಸಬಾರದು.

## ಆರೈಕೆ ಮಾಡುವವರು

ಮನೆಯಲ್ಲಿ ಆರೈಕೆಯ ಭಾರ ಸಾಮಾನ್ಯವಾಗಿ ತಾಯಿ ಅಥವಾ ಹೆಂಡತಿಯ ಮೇಲೆ ಬೀಳುತ್ತದೆ. ದಿನಕ್ಕೆ ಹಲವು ಬಾರಿ ಎತ್ತಿ ಇಳಿಸುವುದರಿಂದ ಅವರ ಸೊಂಟವೇ ಹಾಳಾಗುವುದುಂಟು. ಸಮಾನ ಎತ್ತರದ ಮಂಚ, ಜಾರುಹಲಗೆ ಮತ್ತು ಹಿಡಿಕಂಬಿಗಳು ಅವರನ್ನೂ ರಕ್ಷಿಸುತ್ತವೆ. ರಾತ್ರಿ ಮಗ್ಗುಲು ಬದಲಿಸುವ ಕೆಲಸವನ್ನು ಮನೆಮಂದಿ ಹಂಚಿಕೊಳ್ಳುವುದು, ವಿಶ್ರಾಂತಿ ಅಭ್ಯಾಸವನ್ನು ಇಬ್ಬರೂ ಒಟ್ಟಿಗೆ ಮಾಡುವುದು ಉಚಿತ.

## ಕಾನೂನು ಮತ್ತು ನೆರವು

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಇದು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಬೆನ್ನುಹುರಿಯ ಘಾಸಿಯಿಂದ ಬರುವ ಊನ ಚಲನವೈಕಲ್ಯದಡಿ ಬರುತ್ತದೆ. ಶೇ 40 ಮತ್ತು ಅದಕ್ಕೂ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿ (ಯು.ಡಿ.ಐ.ಡಿ.) ಹೆಚ್ಚಿನ ಸೌಲಭ್ಯಗಳಿಗೆ ಆಧಾರ. 1981ರಿಂದ ಜಾರಿಯಲ್ಲಿರುವ ಕೇಂದ್ರದ ಎ.ಡಿ.ಐ.ಪಿ. ಯೋಜನೆಯಡಿ ಅರ್ಹರಿಗೆ ಗಾಲಿಕುರ್ಚಿ ಮುಂತಾದ ಸಾಧನಗಳು ದೊರೆಯುತ್ತವೆ.

ಕರ್ನಾಟಕದಲ್ಲಿ ಈ ಕಾರ್ಯಕ್ರಮಗಳನ್ನು ನೋಡಿಕೊಳ್ಳುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅರ್ಜಿ ಸಲ್ಲಿಸಲು ನೆರವಾಗುತ್ತಾರೆ. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗಾಗಿ ಮೀಸಲಿಡಬೇಕಾದ ಶೇ 5ರ ಅನುದಾನದ ಬಗೆಗೂ ಪಂಚಾಯಿತಿಯಲ್ಲಿ ವಿಚಾರಿಸಬಹುದು. ಬೆಂಗಳೂರಿನ ಎ.ಪಿ.ಡಿ. ಮತ್ತು 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಸಂಸ್ಥೆಗಳು ಪುನರ್ವಸತಿ ಮತ್ತು ಸಾಧನಗಳ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿವೆ.

## ಇವನ್ನೂ ನೋಡಿ

* ಬೆನ್ನುಹುರಿ
* ಗಾಲಿಕುರ್ಚಿ
* ಒತ್ತಡದ ಹುಣ್ಣು
* ಶವಾಸನ
* ಯೋಗನಿದ್ರೆ
* ಗೊರೂರು
* ಹಾಸನ ಜಿಲ್ಲೆ